ಬೀಗ ಹಾಕಿದ ಮೇಲಿನ ಅರ್ಧ ಗಂಟೆ

ಈಗ ನೀವು ನೋಡುತ್ತಿರುವುದು ನಮ್ಮ ಮನೆಯ ಹಜಾರ. ಪುಸ್ತಕದ ಕಪಾಟಿನ ಮೇಲೆ ಹಳೆಯ ಫೋನೊಂದನ್ನು ನಿಲ್ಲಿಸಿ, ರೆಕಾರ್ಡಿಂಗ್ ಚಾಲೂ ಮಾಡಿ, ಬಾಗಿಲಿಗೆ ಬೀಗ ಹಾಕಿಕೊಂಡು ನಾನು ಹೊರಟುಹೋದ ದಿನದ ಚಿತ್ರಣವಿದು. ಬಾಗಿಲಿಗೆ ಮುಖ ಮಾಡಿ ನಿಂತಿರುವವಳು ನಮ್ಮ ನಾಯಿ ಚುಕ್ಕಿ. ಆಗ ಅವಳಿಗೆ 3 ವರ್ಷ. ನನ್ನ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಅಡಗುವವರೆಗೂ ಅವಳ ಎರಡೂ ಕಿವಿಗಳು ನೆಟ್ಟಗಿವೆ. 4ನೇ ನಿಮಿಷಕ್ಕೆ ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಒಂದೇ ಜಾಡಿನಲ್ಲಿ ತಿರುಗತೊಡಗುತ್ತಾಳೆ. 7ನೇ ನಿಮಿಷಕ್ಕೆ ಕತ್ತೆತ್ತಿ ಊಳಿಡುತ್ತಾಳೆ. ಅಷ್ಟು ದಿನವೂ ನಾನು ಹೊರಗಿದ್ದಾಗ ಅವಳು ಆಗೊಮ್ಮೆ ಈಗೊಮ್ಮೆ ತುಂಟಾಟ ಮಾಡಿದರೂ ಹೆಚ್ಚು ಹೊತ್ತು ನೆಮ್ಮದಿಯಾಗಿ ಮಲಗಿರುತ್ತಾಳೆಂದೇ ನಂಬಿಕೊಂಡಿದ್ದೆ.

ನಾಯಿಯನ್ನು ಮನೆಯಲ್ಲಿ ಎಷ್ಟು ಹೊತ್ತು ಒಂಟಿಯಾಗಿ ಬಿಡಬಹುದು ಎಂದು ಕೇಳಿದಾಗ ನಾವೆಲ್ಲರೂ ನಿರೀಕ್ಷಿಸುವುದು ಒಂದು ಸಂಖ್ಯೆಯನ್ನು. ಆ ಸಂಖ್ಯೆ ಇಲ್ಲವೆಂದಲ್ಲ. ಆರೋಗ್ಯವಂತ ವಯಸ್ಕ ನಾಯಿಗೆ 4ರಿಂದ 6 ಗಂಟೆ ಸಾಕು, 8 ಗಂಟೆ ದಾಟಬಾರದು ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಲಹೆ. ಸ್ವೀಡನ್ ದೇಶದಲ್ಲಿ ಇದು ಸಲಹೆಯಾಗಿ ಉಳಿಯದೆ ನಿಯಮವೇ ಆಗಿದ್ದು, ಮನೆಯೊಳಗೆ ಸಾಕುವ ನಾಯಿಯನ್ನು ಹಗಲಿನಲ್ಲಿ ಕನಿಷ್ಠ 6 ಗಂಟೆಗೊಮ್ಮೆಯಾದರೂ ಹೊರಗೆ ಕರೆದೊಯ್ಯಬೇಕು. ಮರಿಗಳ ವಿಷಯದಲ್ಲಿ, ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದರೆ ಎಷ್ಟು ಬರುತ್ತದೆಯೋ ಅಷ್ಟು ಗಂಟೆ ಮೂತ್ರ ತಡೆದುಕೊಳ್ಳಬಲ್ಲವು ಎಂಬ ಅಂದಾಜಿನ ಲೆಕ್ಕವೊಂದಿದೆ. ಆದರೆ ಅದು ಮೂತ್ರಕೋಶದ ಲೆಕ್ಕವೇ ಹೊರತು ಮನಸ್ಸಿನದಲ್ಲ. 3 ತಿಂಗಳ ಮರಿ 4 ಗಂಟೆ ತಡೆದುಕೊಂಡೀತು ಎಂದಮಾತ್ರಕ್ಕೆ ಅದನ್ನು 4 ಗಂಟೆ ಒಂಟಿಯಾಗಿ ಬಿಟ್ಟುಹೋಗಬಹುದೆಂದು ನಾನಂತೂ ಒಪ್ಪುವುದಿಲ್ಲ. ಮುದಿ ನಾಯಿಗಳಿಗೆ ಮತ್ತೆ ಹೊರಗೆ ಹೋಗುವ ಅವಸರ ಹೆಚ್ಚು. ಮೂತ್ರಪಿಂಡದ ತೊಂದರೆಯೋ, ವಯೋಸಹಜ ಮರೆವೋ ಇದ್ದರಂತೂ ಹಿಂದೆ ಸಲೀಸಾಗಿ ನಡೆಯುತ್ತಿದ್ದ ವೇಳಾಪಟ್ಟಿ ಇನ್ನು ನಡೆಯುವುದಿಲ್ಲ.

ಸ್ವೀಡನ್ನಿನಲ್ಲೇ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂಟಿಯಾಗಿರುವುದಕ್ಕೆ ತಕರಾರಿಲ್ಲದ 12 ನಾಯಿಗಳನ್ನು ಅವುಗಳ ಮನೆಗಳಲ್ಲೇ ಅರ್ಧ ಗಂಟೆ, 2 ಗಂಟೆ ಮತ್ತು 4 ಗಂಟೆ ಬಿಟ್ಟು ಚಿತ್ರೀಕರಿಸಿದರು. ಅವು ಬಹುಪಾಲು ಸಮಯ ಸುಮ್ಮನೆ ಮಲಗಿದ್ದವು. ಒಡೆಯರು 2 ಗಂಟೆಯ ನಂತರ ಮರಳಿದಾಗ ಸಿಕ್ಕ ಸ್ವಾಗತದ ಸಡಗರ ಅರ್ಧ ಗಂಟೆಯ ನಂತರದ್ದಕ್ಕಿಂತ ಹೆಚ್ಚಾಗಿತ್ತು. 2 ಗಂಟೆಗೂ 4 ಗಂಟೆಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೀಗೆ ಸಮಾಧಾನದಿಂದ ಮಲಗುವ ನಾಯಿಯ ಮಟ್ಟಿಗೆ ಗಂಟೆಯ ಲೆಕ್ಕ ಅರ್ಥಪೂರ್ಣ. ಚುಕ್ಕಿಯಂಥವಳಿಗೆ 7 ನಿಮಿಷವೇ ಹೆಚ್ಚಾಗಿದ್ದಾಗ, 4 ಗಂಟೆಯೋ 6 ಗಂಟೆಯೋ ಎಂಬ ಚರ್ಚೆಯಿಂದ ಏನು ಪ್ರಯೋಜನ?

ಪಶುವೈದ್ಯರು ಸೆಪರೇಷನ್ ಆಂಗ್ಸೈಟಿ ಎಂದು ಕರೆಯುವ ಈ ಅಗಲಿಕೆಯ ಆತಂಕ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಬಯಲಾಗುತ್ತದೆ. ಆದ್ದರಿಂದ ದಿನವಿಡೀ ರೆಕಾರ್ಡ್ ಮಾಡುವ ಅಗತ್ಯವೂ ಇಲ್ಲ. ಚಿತ್ರದ ಬಲ ಮೂಲೆಯಲ್ಲಿ ಒಂದು ಕೆಂಪು ರಬ್ಬರ್ ಆಟಿಕೆ ಬಿದ್ದಿರುವುದನ್ನು ಗಮನಿಸಿ. ಅದರೊಳಗೆ ಪೀನಟ್ ಬಟರ್ ತುಂಬಿ ಕೊಟ್ಟಿದ್ದೆ (ಲೇಬಲ್ಲಿನಲ್ಲಿ ಕ್ಸೈಲಿಟಾಲ್ ಎಂಬ, ಸಕ್ಕರೆಯ ಬದಲು ಬಳಸುವ ಸಿಹಿಕಾರಕ ಇದ್ದರೆ ಕೊಡಲೇಬೇಡಿ, ಅದು ನಾಯಿಗೆ ವಿಷ). ನಾನು ಎದುರಿಗಿದ್ದರೆ ಐದೇ ನಿಮಿಷದಲ್ಲಿ ನೆಕ್ಕಿ ಖಾಲಿ ಮಾಡುವವಳು ಅಂದು ಅದನ್ನು ಮೂಸಿಯೂ ನೋಡಿರಲಿಲ್ಲ; ನಾನು ಬಂದು ಚಪ್ಪಲಿ ಬಿಟ್ಟ ಮೇಲೆಯೇ ಅದಕ್ಕೆ ಬಾಯಿ ಹಾಕಿದಳು. ಬೊಗಳುವಿಕೆಗಿಂತಲೂ ಸ್ಪಷ್ಟವಾಗಿ ನನಗೆ ವಿಷಯ ತಿಳಿಸಿದ್ದು, ಮುಟ್ಟದೆ ಉಳಿದ ಆ ತಿಂಡಿ.

ಅದಕ್ಕೂ ಮೊದಲು ಎರಡು ದಿಂಬುಗಳು ಚಿಂದಿಯಾಗಿದ್ದವು, ಬಾಗಿಲಿನ ಚೌಕಟ್ಟಿನ ಕೆಳಭಾಗವೆಲ್ಲ ಪರಚಿದ ಗೆರೆಗಳಿಂದ ತುಂಬಿತ್ತು. ನಾನು ಗದರಿದಾಗ ಅವಳು ಕಿವಿ ಮಡಚಿ ತಲೆ ತಗ್ಗಿಸಿದ್ದನ್ನು ನೋಡಿ, ತಪ್ಪು ಗೊತ್ತಾಗಿದೆ ಎಂದುಕೊಂಡಿದ್ದೆ. ನಾಯಿಯ ಈ ‘ತಪ್ಪಿತಸ್ಥ ಮುಖ’ವನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಪ್ರಯೋಗಕ್ಕೊಡ್ಡಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಆ ಮುಖಭಾವ ಹೊಮ್ಮುವುದು ಒಡೆಯರ ಗದರಿಕೆಗೆ, ನಾಯಿ ನಿಜವಾಗಿ ತಪ್ಪು ಮಾಡಿದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಓದಿದ ದಿನ ನನಗೆ ನಾಚಿಕೆಯಾಯಿತು.

ಕೂಗಿ ಕೂಗಿ ತಾನೇ ಸುಮ್ಮನಾಗುತ್ತಾಳೆ ಎಂದರು ಕೆಲವರು. ಇನ್ನೊಂದು ನಾಯಿ ತಂದರೆ ಸರಿಹೋಗುತ್ತದೆ ಎಂದರು ಇನ್ನು ಕೆಲವರು. ಮೊದಲನೆಯದರಿಂದ ಭಯ ಇನ್ನಷ್ಟು ಬಲಿಯಬಹುದು. ಎರಡನೆಯದೂ ಖಚಿತವಾದ ಪರಿಹಾರವಲ್ಲ, ಏಕೆಂದರೆ ನಾಯಿ ಹಂಬಲಿಸುತ್ತಿರುವುದು ಹೋದ ಮನುಷ್ಯನಿಗಾಗಿ. ನಾವು ಹಿಡಿದದ್ದು ಬಹಳ ನಿಧಾನದ, ನೋಡುವವರಿಗೆ ಬೇಸರ ತರಿಸುವ ದಾರಿ. ಬೀಗದ ಕೈ ತೆಗೆದುಕೊಂಡು ಎಲ್ಲಿಗೂ ಹೋಗದೆ ಕುರ್ಚಿಯಲ್ಲಿ ಕೂರುವುದು. ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುವುದು. ಬಾಗಿಲಾಚೆ ನಿಂತು ಹತ್ತು ಸೆಕೆಂಡಿಗೆ ಒಳಬರುವುದು, ಮರುದಿನ ಇಪ್ಪತ್ತು ಸೆಕೆಂಡಿಗೆ, ಅವಳು ಕಳವಳಗೊಳ್ಳುವ ಮುನ್ನವೇ. ಅರ್ಧ ನಿಮಿಷದಿಂದ ಅರ್ಧ ಗಂಟೆಗೆ ಬರಲು ನಮಗೆ ಸುಮಾರು 3 ತಿಂಗಳು ಹಿಡಿಯಿತು, ಮತ್ತು ಅಷ್ಟು ದಿನವೂ ಅವಳ ಜೊತೆ ಯಾರಾದರೊಬ್ಬರು ಇರುವಂತೆ ನೋಡಿಕೊಳ್ಳಬೇಕಾಯಿತು. ಈ ಏರ್ಪಾಡೇ ತರಬೇತಿಗಿಂತ ಕಷ್ಟದ ಕೆಲಸ. ಆತಂಕ ತೀವ್ರವಾಗಿದ್ದರೆ ಪಶುವೈದ್ಯರು ಔಷಧಿಯನ್ನೂ ಕೊಡುತ್ತಾರೆ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಇದು ಕಳೆದ ವಾರದ ರೆಕಾರ್ಡಿಂಗ್. ಬಾಗಿಲು ಮುಚ್ಚಿಕೊಂಡಿತು, ಅವಳು ನೋಡಿದಳು. ಆಟಿಕೆಯನ್ನು ಮುಂಗಾಲುಗಳ ನಡುವೆ ಒತ್ತಿಹಿಡಿದು 14 ನಿಮಿಷ ನೆಕ್ಕಿದಳು. ಒಮ್ಮೆ ಕಿಟಕಿಯ ಬಳಿ ಹೋಗಿ ಬಂದಳು. 22ನೇ ನಿಮಿಷಕ್ಕೆ ನನ್ನ ಕುರ್ಚಿಯ ಕೆಳಗೆ, ನಾನು ಬಿಟ್ಟುಹೋಗಿದ್ದ ಸ್ವೆಟರಿನ ತೋಳಿನ ಮೇಲೆ ಗದ್ದವಿಟ್ಟು ಮಲಗಿದ್ದಾಳೆ. ನಾನು ಹಿಂತಿರುಗಿದ್ದು 3 ಗಂಟೆ 40 ನಿಮಿಷಕ್ಕೆ. ಸದ್ಯಕ್ಕೆ 4 ಗಂಟೆ ದಾಟದಂತೆ ನೋಡಿಕೊಳ್ಳುತ್ತಿದ್ದೇನೆ.