ಕೀಮೋ ವಾರಕ್ಕೊಮ್ಮೆಯಾ, ಮೂರು ವಾರಕ್ಕೊಮ್ಮೆಯಾ?

ನಮಸ್ಕಾರ. ಇಬ್ಬರು ರೋಗಿಗಳಿದ್ದಾರೆ ಅಂದುಕೊಳ್ಳಿ. ಇಬ್ಬರಿಗೂ ಸ್ತನ ಕ್ಯಾನ್ಸರ್, ಇಬ್ಬರಿಗೂ ಬೇರೆ ಅಂಗಗಳಿಗೆ ಹರಡಿದೆ. ಇಬ್ಬರಿಗೂ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ ಬರೆದಿದ್ದಾರೆ. ಆದರೆ ಒಬ್ಬರಿಗೆ ವಾರ ವಾರ, ಇನ್ನೊಬ್ಬರಿಗೆ ಮೂರು ವಾರಕ್ಕೊಮ್ಮೆ. ಔಷಧಿ ಒಂದೇ ತಾನೇ, ಯಾಕೆ ಹೀಗೆ?

ಕೀಮೋ ಅಂದರೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಿ. ನೇರ ಅಂಕಿಗೆ ಬರೋಣ.

[ಸ್ಕ್ರೀನ್ ಮೇಲೆ: 42 – 29]

ಅಮೆರಿಕದಲ್ಲಿ ಈ ಎರಡನ್ನೂ ಎದುರುಬದುರು ಇಟ್ಟು ನೋಡಿದರು. ಸಿಎಎಲ್‌ಜಿಬಿ 9840 ಅಧ್ಯಯನ, ಪ್ರಕಟವಾಗಿದ್ದು 2008ರಲ್ಲಿ. ವಾರ ವಾರ ತಗೊಂಡವರಲ್ಲಿ 100ಕ್ಕೆ 42 ಜನರ ಗಡ್ಡೆ ಕುಗ್ಗಿತು. ಮೂರು ವಾರದವರಲ್ಲಿ 29. ರೋಗ ಮತ್ತೆ ಬೆಳೆಯಲು ಹಿಡಿದ ಸಮಯ ಸರಾಸರಿ 9 ತಿಂಗಳು, 5 ತಿಂಗಳು. ವಾರ ವಾರವೇ ಒಳ್ಳೆಯದು, ಅಲ್ವಾ? ಸ್ವಲ್ಪ ಇರಿ. ನರಕ್ಕೆ ಜೋರಾಗಿ ಪೆಟ್ಟು ಬಿದ್ದವರು ವಾರ ವಾರದವರಲ್ಲಿ 100ಕ್ಕೆ 24, ಮೂರು ವಾರದವರಲ್ಲಿ 12. ಎರಡರಷ್ಟು!

ನರಕ್ಕೇ ಯಾಕೆ? ನನ್ನನ್ನು ತುಂಬಾ ಕಾಡಿದ ಪ್ರಶ್ನೆ ಇದು. ಕೋಶ ಎರಡಾಗುವಾಗ ಒಳಗೆ ಸಣ್ಣ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ, ಆಮೇಲೆ ಬಿಚ್ಚಿಕೊಳ್ಳುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಬಿಚ್ಚಲು ಬಿಡುವುದಿಲ್ಲ. ಕ್ಯಾನ್ಸರ್ ಕೋಶ ಅರ್ಧದಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ನರದ ಕೋಶ ಎರಡಾಗುವುದೇ ಇಲ್ಲ. ಆದರೂ ಅದಕ್ಕೆ ಈ ಕೊಳವೆಗಳು ಬೇಕು, ಸಾಮಾನು ಸಾಗಿಸುವ ಹಳಿಯಾಗಿ. ಬೆನ್ನುಹುರಿಯ ಪಕ್ಕ, ಸೊಂಟದ ಹತ್ತಿರ ಒಂದು ಕೋಶ ಕೂತಿದೆ. ಅದರ ಎಳೆ ಕಾಲಿನ ಹೆಬ್ಬೆರಳ ತನಕ ಹೋಗುತ್ತದೆ. ಒಂದೇ ಕೋಶ, ಹೆಚ್ಚುಕಡಿಮೆ ಒಂದು ಮೀಟರ್ ಉದ್ದ! ಹಳಿ ಕೆಟ್ಟರೆ ಮೊದಲು ಸಾಮಾನು ತಪ್ಪುವುದು ಕೊನೇ ಸ್ಟೇಷನ್ನಿಗೆ. ಅದಕ್ಕೇ ಜೋಮು ಮೊದಲು ಕಾಲ್ಬೆರಳಿಗೆ ಹಿಡಿಯುತ್ತದೆ, ಆಮೇಲೆ ಕೈಬೆರಳಿಗೆ. ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ. ರವಿಕೆಯ ಹುಕ್ಕು ಬೆರಳಿಗೆ ಸಿಗುವುದಿಲ್ಲ.

ಹೇಳಿದರೆ ಔಷಧಿ ನಿಲ್ಲಿಸಿಬಿಡುತ್ತಾರೆ ಅಂತ ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಡ್ಡೆ ಕುಗ್ಗಿದ್ದು ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಜೋಮು ನೀವು ಬಾಯಿಬಿಟ್ಟರೆ ಮಾತ್ರ ಗೊತ್ತಾಗುವುದು. ಬೇಗ ಹೇಳಿದರೆ ಡೋಸ್ ಇಳಿಸಬಹುದು, ಮೂರು ವಾರ ಕೊಟ್ಟು ಒಂದು ವಾರ ಬಿಡಬಹುದು, ಬೇರೆ ಔಷಧಿಗೆ ಹೋಗಬಹುದು. ತಡವಾದರೆ ಕೆಲವರಿಗೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ವಾರ ವಾರ ಆಸ್ಪತ್ರೆಗೆ ಓಡಾಡುವ ಬಸ್ಸು, ಜೊತೆಗೆ ಬರುವವರ ಕೂಲಿ, ಅದನ್ನೂ ಡಾಕ್ಟರಿಗೆ ಹೇಳಿ. ಅದೂ ಲೆಕ್ಕಕ್ಕೆ ಬರಬೇಕು.

ಸಮಯ ಆಗುತ್ತಾ ಬಂತು, ಉಳಿದಿದ್ದು ಬೇಗ ಬೇಗ. ಎರಡು ಕೀಮೋ ಒಟ್ಟಿಗೆ ಕೊಟ್ಟರೆ ಜಾಸ್ತಿ ದಿನ ಬದುಕಬಹುದಾ? 2003ರ ಇಸಿಒಜಿ 1193 ಅಧ್ಯಯನದಲ್ಲಿ ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಒಟ್ಟಿಗೆ ಕೊಟ್ಟಾಗ ಗಡ್ಡೆ ಕುಗ್ಗಿದವರು ಜಾಸ್ತಿ. ಆಯಸ್ಸು ಮಾತ್ರ ಹೆಚ್ಚಲಿಲ್ಲ. ಅದಕ್ಕೇ ರೋಗ ಭಾರೀ ವೇಗದಲ್ಲಿ ಏರದಿದ್ದರೆ ಒಂದಾದ ಮೇಲೆ ಒಂದು ಕೊಡುವುದು ರೂಢಿ. ಇನ್ನು ಕ್ಯಾಪೆಸಿಟಾಬಿನ್, ಇದು ನುಂಗುವ ಕೀಮೋ ಮಾತ್ರೆ. 14 ದಿನ ನುಂಗಿ 7 ದಿನ ಬಿಡುವುದು ಹಳೇ ಕ್ರಮ. ಅಂಗೈ ಕೆಂಪಾಗಿ ಸುಲಿದು ರೊಟ್ಟಿ ತಟ್ಟಲು ಆಗದೆ ಹೋಗಬಹುದು. 7 ದಿನ ನುಂಗಿ 7 ದಿನ ಬಿಡುವ ಕ್ರಮವೂ ಇದೆ. ಅದರಲ್ಲಿ ಸುಲಿಯುವುದೂ ಕಡಿಮೆ, ಭೇದಿಯೂ ಕಡಿಮೆ. ನಿಮ್ಮ ಡಾಕ್ಟರನ್ನು ಕೇಳಿ ನೋಡಿ.