ಉತ್ತರಕ್ಕೂ ಅದೇ ಕಂಬ, ದಕ್ಷಿಣಕ್ಕೂ ಅದೇ ಕಂಬ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಬೋರ್ಡ್ ಬರೆಯುವವನು. ಈಗ ಬರೆಯುವುದು ಕಡಿಮೆ. ಫ್ಲೆಕ್ಸ್ ಬಂದ ಮೇಲೆ ನಮ್ಮ ಬ್ರಷ್ಷುಗಳು ಒಣಗಿ ಹೋದವು. ಆದರೂ ಮೂವತ್ತು ವರ್ಷ ದಾವಣಗೆರೆಯಲ್ಲಿ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ದೋಸೆ ಹೋಟೆಲ್ಲು, ಶಾಲೆ ಗೋಡೆ ಅಂತ ಬರೆದ ಕೈ ಇದು. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಬೋರ್ಡಿನ ಕಡೆಗೆ. ಊರು ಆಮೇಲೆ.

ಮಗಳು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಷಾರ್ಲಟ್‌ನಲ್ಲಿದ್ದಾಳೆ. ಆರು ತಿಂಗಳು ಅಲ್ಲಿದ್ದು ಬಂದೆ. ಅಲ್ಲಿಂದ ಒಮ್ಮೆ ಓಹಾಯೊ ರಾಜ್ಯದಲ್ಲಿರುವ ನೆಂಟರ ಮನೆಗೆ ಹೊರಟೆವು. ಇಂಟರ್‌ಸ್ಟೇಟ್ 77 ಅಂತ ಒಂದು ಹೆದ್ದಾರಿ, ದಕ್ಷಿಣದಿಂದ ನೇರ ಉತ್ತರಕ್ಕೆ. ಎರಡು ಗಂಟೆ ಆಗಿರಬೇಕು, ಬೆಟ್ಟ ಹತ್ತಿ ವರ್ಜೀನಿಯಾ ರಾಜ್ಯಕ್ಕೆ ಬಂದೆವು. ವಿದ್‌ವಿಲ್ ಅನ್ನುವ ಊರಿನ ಹತ್ತಿರ ರಸ್ತೆ ಬದಿಯಲ್ಲಿ ಹೆದ್ದಾರಿ ನಂಬರ್ ಬರೆದ ಎರಡು ಬಿಲ್ಲೆ ಅಕ್ಕಪಕ್ಕ ಕಂಡವು. ಒಂದರ ಮೇಲೆ ‘ನಾರ್ತ್ 77’. ಪಕ್ಕದ್ದರ ಮೇಲೆ ‘ಸೌತ್ 81’. ಬಾಣ ಎರಡಕ್ಕೂ ಒಂದೇ ಕಡೆ.

ಅಳಿಯನನ್ನು ಕೇಳಿದೆ. “ಅಲ್ಲಪ್ಪಾ, ನಾವು ಉತ್ತರಕ್ಕೆ ತಾನೇ ಹೋಗ್ತಿರೋದು?”

“ಹೌದು ಮಾವ.”

“ಮತ್ತೆ ದಕ್ಷಿಣ ಅಂತ ಬರೆದಿದಾರಲ್ಲ?”

“ಅದೂ ಹೌದು ಮಾವ.”

ತಮಾಷೆ ಏನೆಂದರೆ ಸಂಜೆ ಹೊತ್ತು, ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಿದ್ದ. ಅಂದರೆ ಕಾರು ಹೋಗುತ್ತಿದ್ದದ್ದು ಪಶ್ಚಿಮಕ್ಕೆ!

ಮುಂದೆ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಬಂಕಿನಿಂದ ಹೆದ್ದಾರಿಗೆ ಹತ್ತುವ ಚಿಕ್ಕ ರಸ್ತೆಯ ಪಕ್ಕ ಒಂದು ರಾಶಿ ಬಿಲ್ಲೆ ನೇತು ಹಾಕಿದ್ದರು. ಅದರ ಎದುರು ನನ್ನ ವಯಸ್ಸಿನವರೊಬ್ಬರು ಕ್ಯಾಮೆರಾ ಹಿಡಿದು, ಒಮ್ಮೆ ಹಿಂದೆ ಸರಿದು, ಒಮ್ಮೆ ಮಂಡಿಯೂರಿ ಫೋಟೋ ತೆಗೆಯುತ್ತಿದ್ದರು. ಹಿಂದೆ ಅಷ್ಟು ಚಂದದ ಬೆಟ್ಟಸಾಲಿದೆ. ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ, ಹೋಗಿ ಮಾತಾಡಿಸಿದೆ. ನನ್ನ ಇಂಗ್ಲಿಷಿಗೆ ಅಳಿಯ ಊರುಗೋಲು.

ಅವರು ರೋಡ್‌ಗೀಕ್ ಅಂತೆ. ನಮ್ಮಲ್ಲಿ ರೈಲಿನ ಹುಚ್ಚಿನವರು ಇರುತ್ತಾರಲ್ಲ, ಎಂಜಿನ್ ನಂಬರ್ ಬರೆದಿಟ್ಟುಕೊಳ್ಳುವವರು, ಹಾಗೆ ಇವರಿಗೆ ರಸ್ತೆಯ ಹುಚ್ಚು. ಅಮೆರಿಕದಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ. ಒಂದು ಹೆದ್ದಾರಿಯನ್ನು ಈ ತುದಿಯಿಂದ ಆ ತುದಿವರೆಗೆ ಒಂದು ಮೈಲಿಯೂ ಬಿಡದೆ ಓಡಿಸಿ ಮುಗಿಸಿದರೆ ಅದಕ್ಕೆ ‘ಕ್ಲಿಂಚ್’ ಅನ್ನುತ್ತಾರೆ. ಕೂಡು ರಸ್ತೆ ದಾಟಿದ ಮೇಲೆ ‘ಹೆದರಬೇಡ, ಸರಿಯಾದ ರಸ್ತೆಯಲ್ಲೇ ಇದ್ದೀಯ’ ಅಂತ ಹೇಳಲು ಒಂದು ಬಿಲ್ಲೆ ಇರುತ್ತದೆ. ಅದಕ್ಕೆ ‘ರೀಅಶ್ಯೂರೆನ್ಸ್’, ಸುಮ್ನೆ ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಧೈರ್ಯದ ಬೋರ್ಡು. ಒಂದೇ ಕಂಬದಲ್ಲಿ ಬಿಲ್ಲೆಗಳು ಎಷ್ಟು ಜಾಸ್ತಿಯೋ ಇವರಿಗೆ ಅಷ್ಟು ಖುಷಿ.

ಆ ಜಾಗದಲ್ಲಿ ಒಂಬತ್ತು ಮೈಲಿಯಷ್ಟು ದೂರ ಎರಡು ಇಂಟರ್‌ಸ್ಟೇಟ್ ಒಂದೇ ಡಾಂಬರಿನ ಮೇಲೆ ಓಡುತ್ತವೆ. 77 ಮತ್ತು 81. ಅವುಗಳ ಜೊತೆ ಹಳೆಯ ಯುಎಸ್ ಹೆದ್ದಾರಿ 11 ಮತ್ತು 52 ಕೂಡ. ನಾವು ಹೋಗುವ ದಿಕ್ಕಿನಲ್ಲಿ 77ಕ್ಕೂ 52ಕ್ಕೂ ಉತ್ತರ. 81ಕ್ಕೂ 11ಕ್ಕೂ ದಕ್ಷಿಣ. ಸುಳ್ಳು ಯಾರೂ ಬರೆದಿಲ್ಲ. 77 ದಕ್ಷಿಣದಿಂದ ಬಂದು ಕ್ಲೀವ್‌ಲ್ಯಾಂಡ್‌ಗೆ ಹೋಗುತ್ತದೆ. 81 ಟೆನೆಸ್ಸಿಯಿಂದ ಓರೆಯಾಗಿ ಮೇಲೆ ಹತ್ತಿ ಕೆನಡಾ ಗಡಿ ಮುಟ್ಟುತ್ತದೆ. ಬೆಟ್ಟಗಳ ನಡುವಿನ ಆ ಕಣಿವೆಯಲ್ಲಿ ಎರಡೂ ಹಾಯಬೇಕು. ಹಾದಿ ಒಂದೇ. ಬೋರ್ಡು ಹೇಳುವ ದಿಕ್ಕು ಇಡೀ ರಸ್ತೆಯದು. ನಿಮ್ಮ ಕಾರಿನ ಮೂತಿ ಈಗ ಯಾವ ಕಡೆ ಇದೆ ಅನ್ನುವುದು ಅದಕ್ಕೆ ಬೇಕಿಲ್ಲ.

ನಾನು ಬೋರ್ಡಿನವನು ನೋಡಿ, ಆ ಕಂಬವನ್ನು ಹತ್ತಿರ ಹೋಗಿ ಮುಟ್ಟಿ ನೋಡಿದೆ. ಒಂದು ರಸ್ತೆಗೆ ಮೂರು ತಗಡು. ಮೇಲೆ ದಿಕ್ಕು, ನಡುವೆ ನಂಬರಿನ ಬಿಲ್ಲೆ, ಕೆಳಗೆ ಬಾಣ. ನಾಲ್ಕು ರಸ್ತೆ ಅಂದರೆ ಹನ್ನೆರಡು ತಗಡು. ಎಲ್ಲವನ್ನೂ ಬೇರೆ ಬೇರೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ನಾನಾಗಿದ್ದರೆ ಒಂದೇ ದೊಡ್ಡ ತಗಡಿನ ಮೇಲೆ ಗೆರೆ ಹಾಕಿ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ನಾಳೆ ಒಂದು ರಸ್ತೆಯನ್ನು ಬೇರೆ ಕಡೆ ತಿರುಗಿಸಿದರೆ? ಅದರ ಮೂರು ತಗಡು ಮಾತ್ರ ಬಿಚ್ಚಿದರೆ ಸಾಕು. ಇದು ಒಪ್ಪತಕ್ಕ ಮಾತೇ.

ಇನ್ನೊಂದು ಸಣ್ಣ ವಿಷಯ ನನಗೆ ತುಂಬಾ ಹಿಡಿಸಿತು. ಇಂಗ್ಲಿಷಿನಲ್ಲಿ ನಾರ್ತ್, ಸೌತ್ ಎರಡಕ್ಕೂ ಐದೈದು ಅಕ್ಷರ. ಕೊನೆಯ ಎರಡಕ್ಷರವೂ ಒಂದೇ. ಈಸ್ಟ್, ವೆಸ್ಟ್ ಕಥೆಯೂ ಹಾಗೇ, ನಾಲ್ಕು ನಾಲ್ಕು ಅಕ್ಷರ, ಬಾಲ ಒಂದೇ. ಓಡುವ ಕಾರಿನಿಂದ ನೋಡಿದರೆ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಗಂಟೆಗೆ 90 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 25 ಮೀಟರ್. ಎರಡು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಬೋರ್ಡು ಹಿಂದೆ ಹೋಗಿರುತ್ತದೆ. ಅದಕ್ಕೇ ಮೊದಲ ಅಕ್ಷರವನ್ನು ಒಂದು ಚೂರು ದೊಡ್ಡದು ಮಾಡಿದ್ದಾರೆ. ನೋಡುವವರಿಗೆ ಗೊತ್ತಾಗುವುದಿಲ್ಲ, ಓದುವವರಿಗೆ ಉಪಯೋಗ. ನಮ್ಮ ಕೆಲಸದಲ್ಲಿ ಇಂಥದ್ದನ್ನು ಕಂಡರೆ ಬರೆದವನಿಗೆ ಒಂದು ಟೀ ಕುಡಿಸಬೇಕು ಅನ್ನಿಸುತ್ತದೆ.

ಬಿಲ್ಲೆಗಳ ಆಕಾರ ನೋಡಿಯೇ ರಸ್ತೆಯ ಜಾತಕ ಹೇಳಬಹುದು. ಮೇಲೆ ಕೆಂಪು ಪಟ್ಟಿ, ಕೆಳಗೆ ನೀಲಿ, ಗುರಾಣಿ ಆಕಾರ ಅಂದರೆ ಇಂಟರ್‌ಸ್ಟೇಟ್. ಕಪ್ಪು ಚೌಕದೊಳಗೆ ಬಿಳಿ ಗುರಾಣಿ ಅಂದರೆ ಯುಎಸ್ ಹೆದ್ದಾರಿ. ರಾಜ್ಯದ ರಸ್ತೆಗೆ ಆಯಾ ರಾಜ್ಯದ ಗುರುತು. ಯೂಟಾದಲ್ಲಿ ಜೇನುಗೂಡು, ಕ್ಯಾನ್ಸಸ್‌ನಲ್ಲಿ ಸೂರ್ಯಕಾಂತಿ, ವಾಷಿಂಗ್ಟನ್ ರಾಜ್ಯದಲ್ಲಿ ಜಾರ್ಜ್ ವಾಷಿಂಗ್ಟನ್ ತಲೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮುದುಕನ ಮುಖದಂಥ ಒಂದು ಬಂಡೆಯ ಚಿತ್ರ ಇದೆ. ಆ ಬಂಡೆ 2003ರಲ್ಲಿ ಕುಸಿದು ಬಿದ್ದು ಹೋಯಿತು. ಬೋರ್ಡಿನ ಮೇಲೆ ಮಾತ್ರ ಮುದುಕಪ್ಪ ಇನ್ನೂ ಗಟ್ಟಿಯಾಗಿದ್ದಾನೆ.

ಹೀಗೆ ಒಂದೇ ಕಂಬಕ್ಕೆ ಇಷ್ಟೊಂದು ನಂಬರ್ ಯಾಕೆ ಜೋತು ಬಿದ್ದವು? ನೂರು ವರ್ಷದ ಹಿಂದೆ ಅಮೆರಿಕದ ದೊಡ್ಡ ರಸ್ತೆಗಳಿಗೆ ನಂಬರ್ ಅಲ್ಲ, ಹೆಸರು ಇತ್ತು. ಲಿಂಕನ್ ಹೈವೇ, ಡಿಕ್ಸಿ ಹೈವೇ ಅಂತ. ಲಿಂಕನ್ ಹೈವೇ 1913ರದ್ದು, ನ್ಯೂಯಾರ್ಕ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೋವರೆಗೆ. ಆ ಹೆಸರುಗಳನ್ನು ಇಟ್ಟವರು ಖಾಸಗಿ ಸಂಘದವರು. ಊರೂರಿನ ವ್ಯಾಪಾರಿಗಳಿಂದ ಚಂದಾ ಎತ್ತಿ, ದಾರಿಯ ಟೆಲಿಫೋನ್ ಕಂಬಗಳಿಗೆ ತಮ್ಮ ಬಣ್ಣದ ಪಟ್ಟಿ ಬಳಿಯುತ್ತಿದ್ದರು. ನನ್ನ ಕುಲಬಾಂಧವರು ಅನ್ನಿ! ಒಂದೇ ರಸ್ತೆಯಲ್ಲಿ ಎರಡು ಮೂರು ಸಂಘದ ದಾರಿ ಬಂದರೆ ಒಂದೇ ಕಂಬಕ್ಕೆ ಮೇಲಿಂದ ಕೆಳಗೆ ಪಟ್ಟಿ ಮೇಲೆ ಪಟ್ಟಿ. ಹೊಸಬರಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಈ ಗೊಂದಲ ಕಳೆಯಲಿ ಅಂತಲೇ 1926ರ ನವೆಂಬರ್ 11ರಂದು ಇಡೀ ದೇಶಕ್ಕೆ ನಂಬರ್ ಕೊಟ್ಟರು. ಪೂರ್ವ–ಪಶ್ಚಿಮದ ರಸ್ತೆಗೆ ಸಮಸಂಖ್ಯೆ, ಉತ್ತರ–ದಕ್ಷಿಣಕ್ಕೆ ಬೆಸ. ದೇಶ ದಾಟುವ ಮುಖ್ಯ ರಸ್ತೆಗಳಿಗೆ ಸೊನ್ನೆಯಲ್ಲಿ ಮುಗಿಯುವ ನಂಬರ್. ಅಲ್ಲೇ ಶುರುವಾಯಿತು ಜಗಳ. ಒಕ್ಲಹೋಮಾದ ಹೆದ್ದಾರಿ ಅಧಿಕಾರಿ ಸೈರಸ್ ಏವರಿ ತಮ್ಮ ಷಿಕಾಗೊ–ಲಾಸ್ ಏಂಜಲೀಸ್ ರಸ್ತೆಗೆ 60 ಇಟ್ಟುಕೊಂಡಿದ್ದರು. ಕೆಂಟಕಿ ರಾಜ್ಯದ ಗವರ್ನರ್ ‘ಆ 60 ನಮಗೆ ಬೇಕು’ ಅಂತ ಪಟ್ಟು ಹಿಡಿದರು. ಕೊನೆಗೆ ಏವರಿ 66ಕ್ಕೆ ಒಪ್ಪಿದರು. ಮುಂದೆ ಜಗತ್ತಿಗೆಲ್ಲ ಗೊತ್ತಾದ ರೂಟ್ 66 ಅದೇ. ಸೋತು ತಗೊಂಡ ನಂಬರಿಗೇ ಹೆಸರು ಬಂತು.

ನಂಬರ್ ಅಂದರೆ ಬರೀ ಲೆಕ್ಕ ಅಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ ಅಲ್ವಾ? ಅದು ಊರಿನ ಮಾನ, ಅಂಗಡಿಯ ವ್ಯಾಪಾರ. ಸಿಕ್ಕ ನಂಬರ್ ಬಿಟ್ಟುಕೊಡಲು ಯಾರೂ ತಯಾರಿಲ್ಲ. 1956ರ ಕಾನೂನಿನಿಂದ ಇಂಟರ್‌ಸ್ಟೇಟ್ ಬಂದವು. ಹಳೆಯ ಯುಎಸ್ ನಂಬರ್‌ಗಳು ಎಷ್ಟೋ ಕಡೆ ಹೊಸ ರಸ್ತೆಯ ಹೆಗಲೇರಿದವು. ಇಂಡಿಯಾನಾಪೊಲಿಸ್ ನಗರವನ್ನು ಸುತ್ತುವ ಇಂಟರ್‌ಸ್ಟೇಟ್ 465 ನೋಡಿ. ಊರೊಳಗೆ ಹಾಯುತ್ತಿದ್ದ ಯುಎಸ್ 31, 36, 40, 52, 421 ಎಲ್ಲವನ್ನೂ ಅದರ ಮೇಲೆ ಹತ್ತಿಸಿದ್ದಾರೆ. ಅದರ ಜೊತೆ ಇಂಟರ್‌ಸ್ಟೇಟ್ 74 ಕೂಡ. ಒಬ್ಬೊಬ್ಬರು ಸ್ವಲ್ಪ ದೂರ ಸವಾರಿ ಮಾಡಿ ಇಳಿದು ಹೋಗುತ್ತಾರೆ, ಸಿಟಿ ಬಸ್ಸಿನ ಹಾಗೆ.

ನದಿಯೂ ಇದೇ ಕೆಲಸ ಮಾಡುತ್ತದೆ. ಮಿಸಿಸಿಪ್ಪಿ ದಾಟಲು ಸೇತುವೆ ಬೇಕು. ಸೇತುವೆ ರಸ್ತೆಗೊಂದರಂತೆ ಕಟ್ಟಲಾಗುತ್ತದೆಯೇ? ಮೆಂಫಿಸ್‌ನಲ್ಲಿ 1949ರಲ್ಲಿ ತೆರೆದ ಒಂದೇ ಸೇತುವೆಯ ಮೇಲೆ ಇಂಟರ್‌ಸ್ಟೇಟ್ 55 ಮತ್ತು ಯುಎಸ್ 61, 64, 70, 79 ಕೈ ಕೈ ಹಿಡಿದು ಹೊಳೆ ದಾಟುತ್ತವೆ. ಆಚೆ ದಡ ಮುಟ್ಟಿದ ಮೇಲೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ.

ರೋಡ್‌ಗೀಕ್‌ಗಳಿಗೆ ಹಬ್ಬದೂಟ ಬೇಕೆಂದರೆ ಜಾರ್ಜಿಯಾ ರಾಜ್ಯಕ್ಕೆ ಹೋಗುತ್ತಾರಂತೆ. ಅಲ್ಲಿ ಪ್ರತಿಯೊಂದು ಯುಎಸ್ ಹೆದ್ದಾರಿಗೂ ಜೊತೆಗೊಂದು ರಾಜ್ಯದ ನಂಬರ್ ಇದೆ. ಇರುವುದಷ್ಟೇ ಅಲ್ಲ, ಬೋರ್ಡಿಗೂ ಹಾಕುತ್ತಾರೆ. ಪಕ್ಕದ ಫ್ಲಾರಿಡಾ, ಅಲಬಾಮಾ, ಟೆನೆಸ್ಸಿಯಲ್ಲೂ ಇಂಥ ಜೋಡಿ ನಂಬರ್ ಉಂಟು, ಆದರೆ ಅವರು ಅದನ್ನು ಹೆಚ್ಚಾಗಿ ಕಡತದೊಳಗೇ ಇಟ್ಟುಕೊಳ್ಳುತ್ತಾರೆ. ಜಾರ್ಜಿಯಾದವರಿಗೆ ಮುಚ್ಚುಮರೆ ಇಲ್ಲ. ಮೂರು ಯುಎಸ್ ರಸ್ತೆ ಕೂಡಿದರೆ ರಾಜ್ಯದ ನಂಬರ್ ಸೇರಿ ಆರು ಬಿಲ್ಲೆಗೂ ಹೋಗಬಹುದು. ಅಥೆನ್ಸ್ ಅನ್ನುವ ಊರಿನ ಸುತ್ತುರಸ್ತೆಯ ಮೇಲೆ ಒಂದಲ್ಲ ಒಂದು ಭಾಗದಲ್ಲಿ ಯುಎಸ್ 29, 78, 129, 441 ಬಂದು ಹೋಗುತ್ತವೆ. ರಾಜ್ಯದ ನಂಬರ್‌ಗಳು ಬೇರೆ. ಅದನ್ನು ಬೋರ್ಡ್ ಅನ್ನುವುದಕ್ಕಿಂತ ಬಟ್ಟೆ ಒಣಹಾಕಿದ ತಂತಿ ಅನ್ನಬಹುದು.

ಓದಲಿಕ್ಕೆ ಇದು ಒಳ್ಳೆಯದಾ? ಇಲ್ಲ. ಇದನ್ನು ಮುಲಾಜಿಲ್ಲದೆ ಹೇಳುತ್ತೇನೆ. ಬಸ್ಸಿನಲ್ಲಿ ಕೂತವನಿಗೆ ಮೂರು ಪದಕ್ಕಿಂತ ಹೆಚ್ಚು ಓದಿಸಬೇಡ ಅಂತ ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಆರು ನಂಬರ್, ಆರು ದಿಕ್ಕು, ಆರು ಬಾಣ ಯಾವ ಡ್ರೈವರ್ ಓದುತ್ತಾನೆ? ಅವನು ತನ್ನ ಒಂದು ನಂಬರ್ ಹುಡುಕಿಕೊಂಡು ಮುಂದೆ ಹೋಗುತ್ತಾನೆ. ಉಳಿದದ್ದು ಅವನಿಗೆ ಕಸ. ಆ ಕಸದಲ್ಲೇ ಇವರಿಗೆ ರುಚಿ. ಯಾವ ರಸ್ತೆ ಮೊದಲು ಬಂತು, ಯಾವುದು ಆಮೇಲೆ ಸೇರಿತು, ಯಾವ ತಗಡು ಹೊಸದು, ಯಾವುದು ಬಿಸಿಲಿಗೆ ಬಿಳಚಿದೆ, ಎಲ್ಲ ಲೆಕ್ಕ ಹಾಕುತ್ತಾರೆ. ತಪ್ಪು ಸಿಕ್ಕರಂತೂ ಹಬ್ಬ. ರಾಜ್ಯದ ರಸ್ತೆಗೆ ಯುಎಸ್ ಗುರಾಣಿ ಹಾಕಿದ್ದು, ನಂಬರ್ ತಿರುಗುಮುರುಗಾಗಿದ್ದು, ಅಂಥವಕ್ಕೆ ನೂರಾರು ಮೈಲಿ ಗಾಡಿ ಓಡಿಸುತ್ತಾರೆ. ನಾನೂ ಅಷ್ಟೇ. ಬೇರೆಯವರು ಬರೆದ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಆ ದಿನವೆಲ್ಲ ಮನಸ್ಸಿಗೆ ಹಿತ.

ನಮ್ಮ ಊರಿನ ಸರ್ಕಲ್ಲುಗಳಲ್ಲೂ ಇಂಥ ಕಂಬ ಇದೆ ಅಂತ ನಿಮಗೆ ಅನ್ನಿಸಬಹುದು. ಕಲ್ಯಾಣ ಮಂಟಪಕ್ಕೆ ಬಾಣ, ನರ್ಸಿಂಗ್ ಹೋಮಿಗೆ ಬಾಣ, ಟ್ಯೂಷನ್ನಿಗೆ ಬಾಣ. ಹೆದ್ದಾರಿ ನಂಬರ್ ಒಂದು ಬಿಟ್ಟು ಎಲ್ಲವೂ ಇರುತ್ತದೆ! ನಂಬರ್ ನಮಗೆ ಬಾಯಿಗೆ ಹತ್ತಿಲ್ಲ. ಬೆಂಗಳೂರಿನಿಂದ ಕೃಷ್ಣಗಿರಿವರೆಗೆ ರಾಷ್ಟ್ರೀಯ ಹೆದ್ದಾರಿ 44 ಮತ್ತು 48 ಒಂದೇ ರಸ್ತೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವುದೂ ಅದೇ ಡಾಂಬರು, ದೆಹಲಿಯಿಂದ ಚೆನ್ನೈಗೆ ಹೋಗುವುದೂ ಅದೇ. ಜನ ಅದನ್ನು ಹೊಸೂರು ರೋಡ್ ಅಂತಾರೆ, ಮುಗೀತು.

ನಮ್ಮಲ್ಲಿ ನಂಬರ್ ಬದಲಾಗಿದ್ದು 2010ರಲ್ಲಿ. ಅಮೆರಿಕದ ತದ್ವಿರುದ್ಧ. ಉತ್ತರ–ದಕ್ಷಿಣಕ್ಕೆ ಸಮ, ಪೂರ್ವ–ಪಶ್ಚಿಮಕ್ಕೆ ಬೆಸ. ಕರಾವಳಿಯ 17 ಹೋಗಿ 66 ಆಯಿತು. ದಾವಣಗೆರೆ ಮೇಲೆ ಹಾಯುವ 4 ಹೋಗಿ 48 ಆಯಿತು. ಆಗ ಒಬ್ಬ ಕಂಟ್ರಾಕ್ಟರು ಒಂದಷ್ಟು ಕಿಲೋಮೀಟರ್ ಕಲ್ಲುಗಳನ್ನು ನನಗೆ ಕೊಟ್ಟ. ಹಳದಿ ತಲೆಗೆ ಹೊಸ ಬಣ್ಣ, ಕೆಳಗೆ ಹೊಸ ನಂಬರ್. ಮೊದಲ ಕಲ್ಲಿನ ಮುಂದೆ ಕೂತು ನಗು ಬಂತು. 4 ಅಂತೂ ಅಲ್ಲೇ ಇದೆ. ಪಕ್ಕಕ್ಕೆ ಒಂದು 8 ಬರೆದರೆ ಸಾಕಲ್ಲ! ಆದರೆ ಹಳೆಯವನು 4 ಅನ್ನು ಸರಿಯಾಗಿ ನಡುಮಧ್ಯ ಬರೆದಿದ್ದ. ಬಲಕ್ಕೆ ಜಾಗ ಕಮ್ಮಿ. ಹಾಗಾಗಿ ಉಳಿದ ಕಲ್ಲುಗಳಲ್ಲಿ ಹಳೆಯ 4 ಅಳಿಸಿ, ಎರಡು ಅಂಕಿಯನ್ನೂ ಹೊಸದಾಗಿ ಬರೆದೆ.

ಮೊದಲನೆಯ ಕಲ್ಲನ್ನು ಮಾತ್ರ ಹಾಗೇ ಬಿಟ್ಟೆ. 4 ಅವನದು, 8 ನನ್ನದು. 8 ಒಂದಿಷ್ಟು ಇಕ್ಕಟ್ಟಾಗಿ, ಬಲಕ್ಕೆ ವಾಲಿಕೊಂಡು ಕೂತಿತ್ತು. ವಿದ್‌ವಿಲ್‌ನಲ್ಲಿ ಆ ಕ್ಯಾಮೆರಾದವರಿಗೆ ಈ ಕಥೆ ಹೇಳಿದೆ. ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಕಲ್ಲು ಎಷ್ಟನೇ ಕಿಲೋಮೀಟರಿನದು ಅಂತ ಕೇಳಿದರು.

ನಮಸ್ಕಾರ.