ಯಾರೂ ಕೇಳದ ಟಗರು

ಕೇಳುಗರಿಗೆ ನಮಸ್ಕಾರ. ಕುರಿ ಸಾಕುವವರೂ ಕೇಳುತ್ತಿದ್ದೀರಿ, ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಮಟನ್ ಅಂಗಡಿ ಮುಂದೆ ನಿಲ್ಲುವವರೂ ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಇಬ್ಬರಿಗೂ ಸೇರಿ ನನ್ನದು ಒಂದೇ ಮಾತು. ಹಟ್ಟಿಯಲ್ಲಿ ಎಲ್ಲಕ್ಕಿಂತ ಚೆಂದ ಬೆಳೆದ ಟಗರುಮರಿಯನ್ನು ಮಾರಬೇಡಿ. ಅದನ್ನು ಬೀಜಕ್ಕೆ, ಅಂದರೆ ಮರಿ ಹುಟ್ಟಿಸೋಕೆ, ಇಟ್ಟುಕೊಳ್ಳಿ.

ಇಷ್ಟು ಹೇಳೋಕೆ ರೇಡಿಯೊ ಬೇಕಾ ಅಂತ ನಗಬೇಡಿ. ಪಶುವೈದ್ಯನಾಗಿ 20 ವರ್ಷ ಲಿಂಗಸುಗೂರು, ಕುಷ್ಟಗಿ ಕಡೆ ತಿರುಗಿ ಇದನ್ನೇ ಹೇಳಿದ್ದೇನೆ. ಇವತ್ತೂ ಅದನ್ನೇ ಹೇಳುತ್ತೇನೆ.

ನಮ್ಮ ರಾಯಚೂರು, ಕೊಪ್ಪಳ ಭಾಗದ ತಳಿ ಕೆಂಗುರಿ. ಒಣ ತೆಂಗಿನಕಾಯಿಯ ಬಣ್ಣ. ಬಳ್ಳಾರಿ ಕುರಿಯ ಉಣ್ಣೆ ಕಂಬಳಿಗೆ ಹೋಗುತ್ತಿತ್ತು. ಕೆಂಗುರಿಗೆ ಹೆಸರು ಬಂದಿದ್ದು ಮಾಂಸದಿಂದ. ಟಗರಿನ ಕಾಳಗ ನೋಡುವವರಿಗೆ ಬೇರೆ ಹೇಳಬೇಕಾಗಿಲ್ಲ.

ಒಮ್ಮೆ ಕುಷ್ಟಗಿ ಕಡೆಯ ಒಬ್ಬ ಅಜ್ಜ ಬಂದ. "ಸಾಹೇಬ್ರ, ಮರಿ ಮೈ ಹಿಡಿಯವಲ್ವು. ಯಾವ್ದರ ಒಂದು ಸೂಜಿ ಮಾಡ್ರಿ" ಅಂದ. ಹಟ್ಟಿಗೆ ಹೋದೆ. ಮೇವಿಗೆ ಕೊರತೆ ಇರಲಿಲ್ಲ. ಜಂತುಹುಳದ ಔಷಧಿಯನ್ನೂ ಸರಿಯಾಗಿ ಕುಡಿಸಿದ್ದ. "ಬೀಜದ ಟಗರು ತೋರಸಜ್ಜ" ಅಂದೆ. ಒಂದು ಸಣಕಲನ್ನು ಕಿವಿ ಹಿಡಿದು ಎಳೆದು ತಂದ. ಬಾಲ ಇಲ್ಲದಿದ್ದರೆ ಯಾವ ಕಡೆ ತಲೆ ಅಂತ ಗೊತ್ತಾಗುತ್ತಿರಲಿಲ್ಲ! ದೊಡ್ಡವು ಎಲ್ಲಿ ಅಂತ ಕೇಳಿದೆ. "ಚಲೋ ಚಲೋವೆಲ್ಲ ಕೂಕನಪಳ್ಳಿ ಸಂತಿಗೆ ಹೋದ್ವರಿ. ಇದನ್ನ ಯಾರೂ ಕೇಳಲಿಲ್ಲ, ಉಳೀತು."

ಆಚೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ತಲೆ ಎತ್ತದೆ ಅಂದಳು: "ಯಾರಿಗೂ ಬ್ಯಾಡಾದವನ್ನ ನಾವು ಅಳಿಯನ್ನ ಮಾಡ್ಕೊಂಡೇವ್ರಿ."

ನಾನು 20 ವರ್ಷ ಹೇಳಿದ್ದನ್ನು ಅಜ್ಜಿ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಳು. ಲೆಕ್ಕ ನೋಡಿ. ಒಂದು ಕುರಿ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಒಂದು ಟಗರು 25, 30 ಕುರಿಗೆ ಸಾಕು. ಅಂದರೆ ಹಟ್ಟಿಯ ಅಷ್ಟೂ ಮರಿಗಳಿಗೆ ಅವನೊಬ್ಬನೇ ಅಪ್ಪ. ಅಪ್ಪ ಸಣಕಲಾದರೆ ಸೂಜಿ ಏನು ಮಾಡುತ್ತೆ?

ಆ ಸಲ ಹುಟ್ಟಿದ ಮರಿಗಳ ಪೈಕಿ ಬೇಗ ಮೈ ತುಂಬಿಕೊಂಡ ಎರಡು ಟಗರುಮರಿಗೆ, ಇವನ್ನು ಮಾರಬೇಡ ಅಂತ ಕೆಂಪು ಬಣ್ಣ ಹಚ್ಚಿ ಬಂದೆ. ದಲಾಲಿ ಬಂದವನು ಆ ಎರಡಕ್ಕೇ ಕೈ ಹಾಕಿದನಂತೆ. ತಲಾ ಎರಡು ಸಾವಿರ ಜಾಸ್ತಿ ಅಂದನಂತೆ. ಅಜ್ಜನ ಮನಸ್ಸು ಕರಗಿತು, ಅಜ್ಜಿ ಬಿಡಲಿಲ್ಲ. ಮೂರು ವರ್ಷ ಬಿಟ್ಟು ಹೋದೆ. ಮರಿಗಳು ನೋಡೋ ಹಾಗಿದ್ದವು. ಅಜ್ಜ ಕೈ ಮುಗಿದು ಅಂದ, "ನಿಮ್ಮ ಸೂಜಿ ಭಾಳ ಚಲೋ ಇತ್ರಿ." ನಾನು ಸೂಜಿ ಮಾಡೇ ಇರಲಿಲ್ಲ!

ಕತೆ ಉದ್ದವಾಯಿತು. ಇನ್ನು ಕೊಳ್ಳುವವರ ಕಡೆ ಬೇಗ ಬರುತ್ತೇನೆ. ನಿಮಗೆ ಎಳೆ ಟಗರೇ ಬೇಕು. ಅದಕ್ಕೇ ಅಂಗಡಿಯವನು ಗಂಡಿನ ಗುರುತು ಹಾಗೇ ಬಿಟ್ಟು ತೂಗುಹಾಕುತ್ತಾನೆ. ಎಳೆಯದು ಮೆತ್ತಗಿರುತ್ತೆ, ನಿಜ. ವಯಸ್ಸಾದಂತೆ ಮಾಂಸದೊಳಗಿನ ನಾರು ಗಟ್ಟಿಯಾಗುತ್ತದೆ. ಆದರೆ ಎಳೆಯದು ಅಂದರೆ ಮೂರು ತಿಂಗಳಿನದಾ? ಅದರಲ್ಲಿ ಮೂಳೆ ಬಿಟ್ಟು ಏನಿದೆ? ಹಾಲುಹಲ್ಲು ಬಿದ್ದು ಮೊದಲ ಎರಡು ದೊಡ್ಡ ಹಲ್ಲು ಬರೋದು ಒಂದು, ಒಂದೂವರೆ ವರ್ಷಕ್ಕೆ. ಅಲ್ಲಿವರೆಗೂ ಎಳೆಯದೇ. ನಂಬಿಕೆ ಇಲ್ಲದಿದ್ದರೆ ತಲೆ ಅಲ್ಲೇ ಇರುತ್ತೆ, ಬಾಯಿ ತೆರೆಸಿ ಹಲ್ಲು ನೋಡಿ. ನೀವು ಎಂಟು, ಒಂಬತ್ತು ತಿಂಗಳಿನದನ್ನು ಕೇಳಿ ಕೊಂಡರೆ ಸಾಕುವವನೂ ಅಲ್ಲಿವರೆಗೆ ಕಾಯುತ್ತಾನೆ. ಯಾವ ಮರಿ ಚೆಂದ ಬೆಳೆಯುತ್ತೆ ಅಂತ ಅವನಿಗೂ ತಿಳಿಯುತ್ತೆ, ಒಳ್ಳೆಯದು ಬೀಜಕ್ಕೆ ಉಳಿಯುತ್ತೆ. ಮತ್ತೆ ಅದೇ ಮಾತಿಗೆ ಬಂದೆ ಅಲ್ವಾ?

ಬಣ್ಣದ ವಿಷಯ. ಮಾಂಸ ಕಪ್ಪಾಗಿದ್ದರೆ ಮುದಿ ಕುರಿ ಅಂತ ಜಗಳ ತೆಗೆಯುತ್ತೀರಿ. ಇರಬಹುದು. ಆದರೆ ಕಾಲು ಕಟ್ಟಿ, ಬೈಕಿನ ಮೇಲೆ ಅಡ್ಡ ಹಾಕಿ, ಬಿಸಿಲಲ್ಲಿ ಹೊತ್ತು ತಂದು ತಕ್ಷಣ ಕೊಯ್ದರೆ ಎಳೆಯದೂ ಕಪ್ಪಾಗುತ್ತದೆ, ಗಟ್ಟಿಯಾಗುತ್ತದೆ. ಹೆದರಿ, ದಣಿದು ಅದರ ಮೈಯಲ್ಲಿನ ಸಕ್ಕರೆ ಖಾಲಿಯಾಗಿರುತ್ತದೆ. ನೆರಳಲ್ಲಿ ಕಟ್ಟಿ, ನೀರು ಕೊಟ್ಟು, ಸುಧಾರಿಸಿಕೊಳ್ಳೋಕೆ ಬಿಡಿ. ಪ್ಯಾಕೆಟ್ಟಿನಲ್ಲಿ ನಿಂತ ಕೆಂಪು ನೀರು ರಕ್ತ ಅಲ್ಲ, ಸುಮ್ನೆ ಗಾಬರಿಯಾಗಬೇಡಿ.

ಹುಡುಗರು ಕೇಳುತ್ತಾರೆ, "ಸರ್, ಡಾರ್ಪರ್ ತರಲಾ?" ತನ್ನಿ, ದುಡ್ಡಿದ್ದರೆ. ದಕ್ಷಿಣ ಆಫ್ರಿಕಾದವರು 1930ರ ದಶಕದಲ್ಲಿ ಎರಡು ತಳಿ ಕೂಡಿಸಿ ಈ ಮಾಂಸದ ಕುರಿಯನ್ನು ಮಾಡಲು ಶುರು ಮಾಡಿದರು. ಹೇಗೆ ಮಾಡಿದರು? ಒಳ್ಳೆಯ ಟಗರನ್ನು ಸಂತೆಗೆ ಹೊಡೆಯದೆ ಉಳಿಸಿಕೊಂಡರು!

ಒಂದು ಮಾತು ಉಳಿಯಿತು. ಇಟ್ಟುಕೊಂಡ ಟಗರನ್ನು ಎರಡು ವರ್ಷಕ್ಕೆ ಬದಲಿಸಿ, ಇಲ್ಲದಿದ್ದರೆ ತನ್ನ ಮಕ್ಕಳಿಗೇ ಬೀಜವಾಗುತ್ತದೆ. ಮಾರಬೇಕಿಲ್ಲ, ಪಕ್ಕದೂರಿನ ಹಟ್ಟಿಯವರ ಒಳ್ಳೆಯ ಟಗರಿನ ಜೊತೆ ಅದಲುಬದಲು ಮಾಡಿಕೊಳ್ಳಿ. ಅವರು ಸಣಕಲನ್ನು ಕೊಡೋಕೆ ಬಂದರೆ ಅಜ್ಜಿಯ ಮಾತು ಹೇಳಿ. ನಮಸ್ಕಾರ.